ನಾಳೆ ಯಾರ ಹೊಲಕ್ಕ?

ಭೀಮಸಿ ರಾಜಮತಿ ಟೀಚರನ್ನು ಮೊದಲ ಸಲ ನೋಡಿದಾಗ ಮೇವಿನ ದಲಾಲಿ ಅಂದುಕೊಂಡ. ಅದರಲ್ಲಿ ತನ್ನದೇನೂ ತಪ್ಪಿಲ್ಲವೆಂದು ಅವನು ಈಗಲೂ ವಾದಿಸುತ್ತಾನೆ. ಬೆಳಗಿನ ಹೊತ್ತು, ಉಗಾರ ಬುದ್ರುಕದ ಕಬ್ಬಿನ ಹೊಲದ ಬದುವಿನ ಮೇಲೆ, ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡ ಹೆಂಗಸೊಬ್ಬಳು ಸ್ಕೂಟಿಯ ಹಿಂದೆ ಮುಂದೆ ಮೇವಿನ ಹೊರೆ ಹೇರಿಕೊಂಡು, ಹಸಿರು ಗುಡ್ಡವೊಂದಕ್ಕೆ ಗಾಲಿ ಬಂದ ಹಾಗೆ ಹೊರಟಿದ್ದರೆ ಮತ್ತೇನು ಅಂದುಕೊಳ್ಳಬೇಕು?

ಚಳಿಗಾಲ ಬಂತೆಂದರೆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಕೂಲಿಕಾರರ ಟೋಳಿಗಳು ಬರುತ್ತವೆ. ಗಂಡ ಹೆಂಡತಿ ಕಬ್ಬು ಕಡಿದು ಗಾಡಿಗೆ ಹೇರಿದರೆ, ಉಳಿದ ಹಸಿರು ತುದಿ ಅವರ ಪಾಲಿನ ಮೇಲುಸಂಪಾದನೆ. ಅದನ್ನು ಹೊರೆ ಕಟ್ಟಿ ರಸ್ತೆ ಬದಿಗೆ ಇಟ್ಟು, ಮಾರಲು ಮಕ್ಕಳನ್ನು ಕೂರಿಸುತ್ತಾರೆ. ಮನೆಯಲ್ಲಿ ಎಮ್ಮೆ ಇದ್ದವರು ಬಂದು ಒಯ್ಯುತ್ತಾರೆ. ಭೀಮಸಿಯ ತಾಯಿ ಕೆಂಪವ್ವ ಹೀಗೆ ಒಯ್ಯುವವಳೇ. ಆ ವಾರವೆಲ್ಲ ಅವಳು ಹೊಲ ಮುಟ್ಟುವ ಮೊದಲೇ ಹೊರೆ ಖಾಲಿ.

"ಯಾವಾಕಿನೋ ಬಂದು ಇದ್ದಬದ್ದ ಮೇವೆಲ್ಲಾ ಬಳಕೊಂಡು ಹೊಂಟಾಳ," ಎಂದಳು ಕೆಂಪವ್ವ. "ನೀ ಕಾರ್ಖಾನೆದಾಗ ಅಷ್ಟು ದೊಡ್ಡ ಸಾಹೇಬ ಅದಿ. ನಮ್ಮ ಎಮ್ಮಿಗೆ ಒಂದು ಹೊರಿ ಉಳಸಾಕ ಆಗೂದಿಲ್ಲೇನಲೇ?"

ಸಾಹೇಬ ಎಂಬ ಮಾತು ಕೆಂಪವ್ವನದು. ಕಾರ್ಖಾನೆಯ ಕಾಗದದಲ್ಲಿ ಅವನು ಸ್ಲಿಪ್ ಬಾಯ್. ನಾಳೆ ಯಾರ ಕಬ್ಬು ಕಡಿಯಬೇಕು, ಯಾವ ಟೋಳಿ ಎಲ್ಲಿಗೆ ಹೋಗಬೇಕು ಎಂಬ ಚೀಟಿಯನ್ನು ಆಫೀಸಿನಿಂದ ಹೊಲಕ್ಕೆ ಮುಟ್ಟಿಸುವುದು ಅವನ ಕೆಲಸ. ಬಿ.ಕಾಂ. ಮುಗಿಸಿ, ಮೀಸೆ ಬಂದು, ತಲೆಗೂದಲು ಹಿಂದೆ ಸರಿಯಲು ಶುರುವಾದ ಮೇಲೂ 'ಬಾಯ್' ಆಗಿಯೇ ಉಳಿದಿದ್ದ. ಹೆಣ್ಣಿನ ಕಡೆಯವರು ಬಂದಾಗ ಕೆಂಪವ್ವ "ಕಬ್ಬಿನ ವ್ಯವಹಾರೆಲ್ಲಾ ನಮ್ಮ ಹುಡುಗನ ನೋಡ್ತಾನ್ರಿ" ಎನ್ನುತ್ತಿದ್ದಳು. ಸೀಸನ್ ಮುಗಿದರೆ ನೌಕರಿಯೂ ಮುಗಿಯುತ್ತದೆ ಎಂಬುದನ್ನು ಮಾತ್ರ ಚಹಾದ ಜೊತೆ ನುಂಗುತ್ತಿದ್ದಳು.

ಮರುದಿನ ಭೀಮಸಿ ಬದುವಿನ ಮೇಲೆ ದಲಾಲಿಯನ್ನು ಹಿಡಿಯಲೆಂದೇ ನಿಂತ. ಸ್ಕೂಟಿ ನೆಟ್ಟಗೆ ಅವನ ಹತ್ತಿರವೇ ಬಂತು.

"ಸ್ಲಿಪ್ ತರವ್ರು ನೀವ ಅಲ್ರಿ?" ಎಂದಿತು ಓಢಣಿ. "ಶಿವಾಜಿ ಟೋಳಿ ನಾಳೆ ಯಾರ ಹೊಲಕ್ಕ ಹೊಕ್ಕೈತ್ರಿ?"

"ಅದನ್ನೆಲ್ಲಾ ಹೇಳಾಕ ಬರೂದಿಲ್ರಿ. ಆಫೀಸಿನ ಒಳಗಿನ ಮಾತು," ಎಂದ ಭೀಮಸಿ, ಗಡಿ ಕಾಯುವ ಸೈನಿಕನ ಗತ್ತಿನಲ್ಲಿ. "ಮತ್ತ ಮೇವು ಎಲ್ಲಾರಿಗೂ ಸಿಗಬೇಕ್ರೀ ಅಕ್ಕಾರ. ಒಬ್ಬರ ಬಳಕೊಂಡ್ರ ಹೆಂಗ?"

ಅವಳು ಓಢಣಿ ಸರಿಸಿ ಅವನನ್ನು ನೋಡಿದಳು. ಲೆಕ್ಕ ತಪ್ಪಿದ ಹುಡುಗನ ಪಾಟಿಯನ್ನು ನೋಡುವ ಹಾಗಿತ್ತು ಆ ನೋಟ.

"ಮೇವು ತಗೊಂಡು ನಾ ಏನ ತಿನ್ಲೇನ್ರಿ? ನಮ್ಮನ್ಯಾಗ ಎಮ್ಮಿನ ಇಲ್ಲ. ನನಗ ಮೇವು ಕಾಯೂ ಹುಡುಗಿ ಬೇಕು."

ಅಷ್ಟರಲ್ಲಿ ಹೊರೆಯ ಮರೆಯಿಂದ ಶಿವಾಜಿಯ ಮಗಳು ಗಂಗಾ ಎದ್ದಳು. ಕೊನೆಯ ಹೊರೆ ಸ್ಕೂಟಿಗೆ ಏರಿತ್ತು. ಇನ್ನು ಕಾಯಲು ಏನೂ ಉಳಿದಿರಲಿಲ್ಲ. ಹುಡುಗಿ ಮಡಚಿ ಕೂತಿದ್ದ ಗೋಣಿಚೀಲದ ಕೆಳಗಿನಿಂದ ಶಾಲೆಯ ಚೀಲ ತೆಗೆದು ಹೆಗಲಿಗೇರಿಸಿ, ಕಾರ್ಖಾನೆಯ ಕಡೆ ಹೊರಟಿದ್ದ ಎತ್ತಿನಗಾಡಿಯ ಕಬ್ಬಿನ ಮೇಲೆ ಹತ್ತಿ ಕೂತಳು. ಗಾಡಿ ಶಾಲೆಯ ಮುಂದೆಯೇ ಹಾಯುತ್ತದೆ.

ಭೀಮಸಿಗೆ ಅವತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಬೈಕು ತಾನಾಗಿಯೇ ಸರಕಾರಿ ಕನ್ನಡ ಶಾಲೆಯ ಕಡೆ ತಿರುಗಿತು ಎಂದು ಅವನು ಹೇಳುತ್ತಾನೆ. ಆಮೇಲೆ ವಾರವಿಡೀ ಅದಕ್ಕೆ ಅದೇ ಚಟ. ಅವನು ವಿಚಾರಿಸಿ ತಿಳಿದದ್ದು ಇಷ್ಟು.

ರಾಜಮತಿ ಕಾಗವಾಡದ ರೈತರ ಮನೆಯ ಮಗಳು. ಚಿಕ್ಕೋಡಿಯಲ್ಲಿ ಡಿ.ಎಡ್. ಮಾಡಿದವಳು. ಬರೆಯಬೇಕಾದ ಪರೀಕ್ಷೆಗಳನ್ನೆಲ್ಲ ಬರೆದು ಪಾಸಾಗಿ, ಕಾಯಂ ನೌಕರಿಯ ಬಾಗಿಲಲ್ಲಿ ನಿಂತು ನಿಂತು, ಕೊನೆಗೆ ಅತಿಥಿ ಶಿಕ್ಷಕಿಯಾದವಳು. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್ ಮುಗಿದರೆ ಮನೆಗೆ ಕಳಿಸುತ್ತಾರೆ. ವರ್ಷ ವರ್ಷವೂ ಬಂದು ಹೋಗುವ ಇಂಥ ಅತಿಥಿಯನ್ನು ಯಾರೂ ಕಂಡಿಲ್ಲ. ಗಂಡ ಪಾರಿಸ, ಸುಟ್ಟ ಪಂಪಿನ ಮೋಟಾರಿಗೆ ತಂತಿ ಸುತ್ತುವವನು. "ಎಮ್ಮಿ ಇಲ್ಲದ ಮನ್ಯಾಗ ಮೇವಿನ ವಾಸನಿ, ಹಾಲು ಮಾತ್ರ ಡೇರಿಯಿಂದ," ಎಂದು ಬಂದವರ ಮುಂದೆಲ್ಲ ನಗೆಯಾಡುತ್ತಾನೆ.

ಮೇವಿನ ಯುಕ್ತಿ ಅವಳಿಗೆ ಹೊಳೆದದ್ದು ಹೇಗೆಂದು ಭೀಮಸಿ ಕೇಳಿದ.

"ಮೊದ್ಲಿಗೆ ಪಾಲಕರಿಗೆ ಭಾಷಣ ಮಾಡಿದ್ನಿರಿ. ಶಿಕ್ಷಣ ಅಂದ್ರ ಹಿಂಗ, ಶಿಕ್ಷಣ ಅಂದ್ರ ಹಂಗ," ಎಂದಳು ರಾಜಮತಿ. "ಶಿವಾಜಿ ಎಲ್ಲಾ ಕೇಳಿ, 'ಟೀಚರಬಾಯಿ, ಹುಡುಗೀನ ಒಯ್ರಿ, ಆದ್ರ ಮೇವಿನ ಮುಂದ ನೀವು ಕುಂದರ್ರಿ' ಅಂದ. ಬರೊಬ್ಬರಿ ಅನಸ್ತು. ಕುಂದ್ರೂದಕ್ಕಿಂತ ಮಾರೂದು ಲಗೂ ಆಗತೈತಿ."

ಶಾಲೆಯ ಹಾದಿಯಲ್ಲಿ ಎಮ್ಮೆ ಇದ್ದ ಮನೆಗಳಿಗೆ ಹೊರೆ ಇಳಿಸುತ್ತ, ದುಡ್ಡು ಶಿವಾಜಿಗೆ ಮುಟ್ಟಿಸುತ್ತ ಅವಳು ಪ್ರಾರ್ಥನೆಯ ಹೊತ್ತಿಗೆ ಶಾಲೆ ಸೇರುತ್ತಿದ್ದಳು.

"ಮತ್ತ ನಮ್ಮ ಮನಿ ಯಾಕ ಬಿಟ್ರಿ?"

"ನಿಮ್ಮವ್ವ ಚೌಕಾಸಿ ಮುಗಿಸೂದ್ರೊಳಗ ನಮ್ಮ ಎರಡು ಪಿರಿಯಡ್ ಮುಗೀತಾವ್ರಿ."

ಭೀಮಸಿ ಹೌದೆಂದು ತಲೆಯಾಡಿಸಿದ. ಮನೆಯಲ್ಲಿ ಅವನೂ ಅನುಭವಿಸಿದ್ದೇ.

ಆದರೆ ಹೊರೆ ಎತ್ತುವುದು ಸುಲಭದ ಭಾಗ. ಹೊಲದ ಕಬ್ಬು ಮುಗಿದ ದಿನ ಟೋಳಿ ಗುಡಿಸಲು ಕಿತ್ತು ಹೊರಡುತ್ತದೆ. ಮೊದಲ ವರ್ಷ ರಾಜಮತಿಯ ತರಗತಿಯ ಹಿಂದಿನ ಸಾಲು ಒಂದು ಬೆಳಿಗ್ಗೆ ಹಾಗೇ ಖಾಲಿಯಾಗಿತ್ತು. ಹೊಲಕ್ಕೆ ಹೋಗಿ ನೋಡಿದರೆ ಒಲೆಯ ಬೂದಿ ಮಾತ್ರ. ಎಲ್ಲಿಗೆ ಹೋದರೆಂದು ಹೆಡ್‌ಮಾಸ್ತರಿಗೆ ಗೊತ್ತಿಲ್ಲ, ಶಿಕ್ಷಣ ಇಲಾಖೆಯ ಆಫೀಸಿಗೆ ಗೊತ್ತಿಲ್ಲ, ಹೊಲದ ಮಾಲೀಕನಿಗೂ ಗೊತ್ತಿಲ್ಲ. ಗೊತ್ತಿದ್ದವನು ಒಬ್ಬನೇ, ಸ್ಲಿಪ್ ತರುವವನು. ಇದನ್ನು ಕೇಳಿ ಭೀಮಸಿಯ ಎದೆ ಒಂದಿಷ್ಟು ಉಬ್ಬಿತು. ದೇಶದ ಶಿಕ್ಷಣ ವ್ಯವಸ್ಥೆ ತನ್ನ ಅಂಗಿಯ ಜೇಬಿನಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ದಿನಗಳಲ್ಲಿ ರಾಜಮತಿಗೆ ಒಂದೇ ಚಿಂತೆ. ಗಂಗಾ ಕಳೆಯುವ ಲೆಕ್ಕದಲ್ಲಿ ದಶಕ ಒಡೆದು ಕಡ ತರುವ ಜಾಗಕ್ಕೆ ಬಂದು ನಿಂತಿದ್ದಳು. ಕನ್ನಡ ಶಾಲೆಯಲ್ಲಿ ಕೂತ ಮರಾಠಿ ಹುಡುಗಿಗೆ ರಾಜಮತಿ ಎರಡೂ ಭಾಷೆಯಲ್ಲಿ ಅದನ್ನು ಬಿಡಿಸಿ ಹೇಳುತ್ತಿದ್ದಳು. "ಹೋದ ವರ್ಷನೂ ಇಲ್ಲೇ ಬಂದು ಕೈ ತಪ್ಪಿ ಹೋದಳ್ರಿ. ಈ ವರ್ಷ ತಿರುಗಿ ಮೊದಲಿಂದ. ಈ ಸಲನೂ ನಡುವ ಬಿಟ್ರ, ಸಾಲಿ ತನಗಲ್ಲ ಅಂತ ಆಕಿನ ತೀರ್ಮಾನ ಮಾಡ್ತಾಳ."

ಒಂದು ಸಂಜೆ ಭೀಮಸಿಯ ಕೈಗೆ ಚೀಟಿ ಬಂತು. ಶಿವಾಜಿ ಟೋಳಿ, ನಾಳೆ ನಸುಕಿಗೆ, ಕೃಷ್ಣೆಯ ಆಚೆ.

ಅವನು ಸೂಪರ್‌ವೈಸರ್ ರಾಜಾರಾಮನ ಮುಂದೆ ಹೋಗಿ ನಿಂತ. "ಸರ್, ಈ ಟೋಳಿನ ಇನ್ನೊಂದು ವಾರ ಇಲ್ಲೇ ಇಟ್ಕೊಳ್ಳಾಕ ಬರ್ತೈತೇನ್ರಿ?"

"ಯಾಕ?"

"ಒಂದು ಹುಡುಗಿದು ಲೆಕ್ಕ ಬಾಕಿ ಐತ್ರಿ."

ರಾಜಾರಾಮ ಬಹಳ ಹೊತ್ತು ನಕ್ಕ. "ಬೀಗರು ಬೀಡದಾಗ ಆಗಾಕತ್ತಾರೇನಲೇ? ಚೀಟಿ ಒಯ್ಯಿ, ನಡಿ."

ಉಬ್ಬಿದ್ದ ಎದೆಯನ್ನು ಇಳಿಸಿಕೊಂಡು ಭೀಮಸಿ ರಾಜಮತಿಯ ಮನೆಗೆ ಹೋದ. ಪಾರಿಸ ಪಡಸಾಲೆಯಲ್ಲಿ ತಂತಿ ಸುತ್ತುತ್ತಿದ್ದ.

"ಟೀಚರ್, ತಡಿಯಾಕ ಆಗಲಿಲ್ರಿ," ಎಂದ ಭೀಮಸಿ, ತಲೆ ತಗ್ಗಿಸಿ.

"ತಡೀರಿ ಅಂತ ಯಾರ ಹೇಳಿದ್ರು ನಿಮಗ? ಎಲ್ಲಿ ಅಂತ ಕೇಳಿದ್ನಿ."

ಅವನು ಊರು, ಹೊಲ ಎರಡನ್ನೂ ಹೇಳಿದ. ಅವಳು ಫೋನ್ ತೆಗೆದಳು. ಡಿ.ಎಡ್. ಗೆಳತಿಯರದೊಂದು ವಾಟ್ಸಪ್ ಗುಂಪು ಇತ್ತು. ಒಂದು ಕಾಲಕ್ಕೆ ಹುಟ್ಟುಹಬ್ಬದ ಕೇಕು, ಸೀರೆ, ಶುಭೋದಯದ ಗುಲಾಬಿ ಅಷ್ಟೇ ಬರುತ್ತಿದ್ದ ಆ ಗುಂಪಿನಲ್ಲಿ ಈಗ ಮಕ್ಕಳು ಒಂದು ಶಾಲೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಹೊಳೆಯಾಚೆಯ ತೋಟದ ಶಾಲೆಯಲ್ಲಿ ಅನುಸೂಯಾ ಇದ್ದಳು. ರಾಜಮತಿ ಅವಳಿಗೇ ಫೋನ್ ಹಚ್ಚಿದಳು.

"ಅನು, ನಾಳೆ ನಿನ್ನ ಕಡೆ ಗಂಗಾ ಬರ್ತಾಳ. ಓದೂದು ಬರ್ತೈತಿ. ಕಳಿಯೂದ್ರಾಗ ದಶಕದ ಹತ್ರ ನಿಂತಾಳ. ಮೊದಲ ಮೇವು ಎತ್ತಬೇಕು, ಆಮ್ಯಾಲೆ ಹುಡುಗಿ ಏಳ್ತಾಳ, ನೆನಪಿಡು."

"ನನ್ನ ಹತ್ರ ಗಾಡಿ ಎಲ್ಲೈತೇ, ಮಾರಾಯ್ತಿ?"

"ನಿಮ್ಮ ಹೆಡ್‌ಮಾಸ್ತರ ಮನ್ಯಾಗ ಎಮ್ಮಿ ಅದಾವಲ್ಲ?"

ಆ ಕಡೆಯಿಂದ ನಗು ಕೇಳಿಸಿತು.

ಮರುದಿನ ಭೀಮಸಿ ಚೀಟಿ ಹಂಚುತ್ತಲೇ ಫೋನ್ ನೋಡಿದ, ಫೋನ್ ನೋಡುತ್ತಲೇ ಒಬ್ಬರ ಚೀಟಿ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡ. ಸಂಜೆ ತಡೆಯಲಾಗದೆ ಮತ್ತೆ ಅದೇ ಪಡಸಾಲೆಗೆ ಬಂದ. ರಾಜಮತಿ ಫೋನ್ ಅವನ ಮುಂದೆ ಹಿಡಿದಳು. ಫೋಟೋದಲ್ಲಿ ಗಂಗಾ ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಕಿಟಕಿಯಾಚೆ, ಇಸ್ತ್ರಿ ಅಂಗಿಯ ಹೆಡ್‌ಮಾಸ್ತರರು ಮೋಟಾರ್ ಸೈಕಲ್ಲಿನಿಂದ ಮೇವಿನ ಹೊರೆ ಬಿಚ್ಚುತ್ತಿದ್ದರು.

ಭೀಮಸಿ ಹಲಗೆಯ ಲೆಕ್ಕ ಹಿಗ್ಗಿಸಿ ನೋಡಿದ. "ತಪ್ಪೈತಲ್ರಿ."

"ದಶಕ ತಗೊಂಡಾಳ. ತಗೊಂಡಲ್ಲಿ ಒಂದು ಕಡಿಮಿ ಮಾಡೂದು ಮರ್ತಾಳ. ಹೋದ ವರ್ಷ ತಗೊಳ್ಳಾಕೂ ಬರ್ತಿದ್ದಿಲ್ಲ," ಎಂದಳು ರಾಜಮತಿ. ಅವಳ ಮುಖ ಅರಳಿತ್ತು.

ಭೀಮಸಿಗೆ ಬಹಳ ದಿನದಿಂದ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕೇಳಬಾರದೆಂದು ಗೊತ್ತಿದ್ದೂ ಕೇಳಿದ.

"ಖರೆ ಹೇಳ್ರಿ, ಟೀಚರ್. ಮಾರ್ಚ್‌ಕ್ಕ ಅವರು ಊರಿಗೆ ಹೊಕ್ಕಾರ. ನನ್ನೂ ನಿಮ್ಮನ್ನೂ ಮನಿಗೆ ಕಳಸ್ತಾರ. ಇಷ್ಟೆಲ್ಲಾ ಮಾಡಿ, ಈ ಹುಡುಗಿ ಹತ್ತನೇ ಇಯತ್ತೆ ಮುಟ್ಟತಾಳೇನ್ರಿ?"

ತಂತಿ ಸುತ್ತುತ್ತಿದ್ದ ಪಾರಿಸನ ಕೈ ನಿಂತಿತು. ರಾಜಮತಿ ಫೋನ್ ಆರಿಸಿ ಬದಿಗಿಟ್ಟಳು.

"ಗೊತ್ತಿಲ್ಲ," ಎಂದಳು. "ಆ ಹೊಲ ಮುಗಿದ ಮ್ಯಾಲೆ ಎಲ್ಲಿಗೆ ಹೊಕ್ಕಾಳ, ಅದನ್ನ ಹೇಳ್ರಿ."