ಒಂದೂವರೆ ಕಾಲಂ ಫೋಟೋ

ಮೇ ತಿಂಗಳ ಮಧ್ಯಾಹ್ನ. ಮುಂಬಯಿಯ ಬೊರಿವಲಿಯ ನಮ್ಮ ಮನೆಯಲ್ಲಿ ಮಗಳು ಅಪೂರ್ವಾ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಫ್ಯಾನ್ ಆಫ್ ಮಾಡಿದ್ದಳು.

"ಥಂಡಿ ಅಂತಾಳ್ರಿ," ಎಂದಳು ಹೆಂಡತಿ ಸುನಂದಾ. "ಮೈ ಮುಟ್ಟಿ ನೋಡೀನಿ. ಜ್ವರ ಇಲ್ಲ."

ಅಪೂರ್ವಾಗೆ ಹತ್ತೊಂಬತ್ತು. ಊಟ ಕಾಲೇಜಿನಲ್ಲೇ ಆಯಿತು ಎನ್ನುತ್ತಿದ್ದಳು. ಪತ್ರಿಕೆಯಲ್ಲಿ ಉಪಸಂಪಾದಕನಾಗಿ ಇಪ್ಪತ್ತು ವರ್ಷ ಪ್ರತಿ ಸುದ್ದಿಗೂ ಆಧಾರ ಕೇಳಿದವನು ನಾನು. ಮನೆಯಲ್ಲಿ ಕೇಳಲಿಲ್ಲ.

ಮರುವಾರ ಲೋಕಲ್ ರೈಲಿನಿಂದ ಇಳಿದವಳು ಪ್ಲಾಟ್‌ಫಾರ್ಮ್ ಮೇಲೆ ಬಿದ್ದಳು. ಆಸ್ಪತ್ರೆಯಲ್ಲಿ ತೂಕ ನೋಡಿದರು. ಮೂವತ್ತಾರು ಕಿಲೋ. ಪಲ್ಸ್ ನಿಧಾನವಾಗಿತ್ತು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಎಂಬುದು ಡಾಕ್ಟರ್ ಕೇಳಿದಾಗಲೇ ನಮಗೂ ಗೊತ್ತಾಗಿದ್ದು.

ಅನೊರೆಕ್ಸಿಯಾ, ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ ಎಂದರು.

"ತೂಕ ಇನ್ನೂ ಇಳಿದರೆ ಹಾರ್ಟ್ ತಡೆಯೋದಿಲ್ಲ," ಎಂದರು.

ಆರನೆಯ ದಿನ ಕೌನ್ಸೆಲರ್ ಅವಳನ್ನು ಕೇಳಿದರು, ಯಾರ ಹಾಗೆ ಕಾಣಬೇಕು ನಿನಗೆ? ಯಾವುದೋ ನಟಿಯ ಹೆಸರು ಬರುತ್ತದೆ ಅಂದುಕೊಂಡೆ. ಅಪೂರ್ವಾ ಮೊಬೈಲಿನ ಕವರ್ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಪೇಪರ್ ತುಣುಕು ತೆಗೆದಳು.

"ಇದು ನಾನೇ," ಎಂದಳು. "ಹೀಗಿದ್ರೆ ಸಾಕು."

ಅದು ನಮ್ಮ ಪತ್ರಿಕೆಯದು. ನಾನು ಮಾಡಿದ ಪುಟ. ವರ್ಷದ ಹಿಂದೆ ಕನ್ನಡ ಸಂಘದ ಚರ್ಚಾಸ್ಪರ್ಧೆಯಲ್ಲಿ ಅವಳು ಶೀಲ್ಡ್ ಗೆದ್ದಿದ್ದಳು. ಫೋಟೋದಲ್ಲಿ ಅವಳ ಒಂದು ಪಕ್ಕ ಸಂಘದ ಅಧ್ಯಕ್ಷರು, ಇನ್ನೊಂದು ಪಕ್ಕ ಮುಖ್ಯ ಅತಿಥಿ. ಕೊನೆಗಳಿಗೆಯಲ್ಲಿ ಜಾಹೀರಾತು ಬಂದು ಫೋಟೋಗೆ ಒಂದೂವರೆ ಕಾಲಂ ಉಳಿಯಿತು. ಯಾರನ್ನು ಕತ್ತರಿಸಿದರೂ ಬೆಳಿಗ್ಗೆ ಅವರ ಫೋನ್ ಬರುತ್ತದೆ. ಹಾಗಾಗಿ ಕತ್ತರಿಸಲಿಲ್ಲ. ಕಂಪ್ಯೂಟರಿನಲ್ಲಿ ಫೋಟೋದ ಎರಡೂ ಅಂಚು ಹಿಡಿದು ಒಳಕ್ಕೆ ಒತ್ತಿದೆ. ಎಲ್ಲರೂ ಸಪೂರವಾದರು. ಎಷ್ಟೋ ಫೋಟೋಗಳಿಗೆ ಹೀಗೆ ಮಾಡಿದ್ದೇನೆ.

ಆ ಫೋಟೋ ಅಚ್ಚಾದ ದಿನ ಡೊಂಬಿವಲಿಯಿಂದ ನನ್ನ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ಪೇಪರ್‌ನಾಗ ಎಷ್ಟ್ ತೆಳ್ಳಗ ಕಾಣ್ತಾಳ ನಮ್ಮ ಹುಡುಗಿ. ಮನ್ಯಾಗ ನೋಡಿದ್ರ ಲಾಡು. ಹಂಗ ಇರು ಅನ್ನು ಆಕಿಗೆ."

ನಾನು ನಕ್ಕಿದ್ದೆ. ಫೋನ್ ಸ್ಪೀಕರ್‌ನಲ್ಲಿತ್ತು. ಅಪೂರ್ವಾ ಅಲ್ಲೇ ಇದ್ದಳು.

ಕೌನ್ಸೆಲರ್ ಎದುರು ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನನ್ನ ಕೈಯಿಂದ ತಿನ್ನುವ ನಾಲ್ಕು ಚಮಚ ಗಂಜಿಯನ್ನೂ ಬಿಟ್ಟಾಳು ಎಂಬ ಹೆದರಿಕೆ. ಮರುದಿನ ಆಫೀಸಿನಿಂದ ಮೂಲ ಫೋಟೋದ ಪ್ರಿಂಟ್ ತಂದೆ. ಮನೆಯ ಶೋಕೇಸಿನಿಂದ ಶೀಲ್ಡ್ ತಂದೆ. ಶೀಲ್ಡ್ ಗುಂಡಗಿದೆ. ಪೇಪರಿನಲ್ಲಿ ಅದು ಮೊಟ್ಟೆಯಾಕಾರ. ಪೇಪರ್ ತುಣುಕು, ಪ್ರಿಂಟ್, ಶೀಲ್ಡ್ ಮೂರನ್ನೂ ಅವಳ ಹಾಸಿಗೆಯ ಮೇಲಿಟ್ಟೆ.

"ಫೋಟೋ ನಾನ ಒತ್ತಿದ್ದೆ, ಅಪೂ. ಜಾಗಾ ಇರಲಿಲ್ಲ."

ಅವಳು ಶೀಲ್ಡಿನ ಅಂಚಿನ ಸುತ್ತ ಬೆರಳಾಡಿಸಿದಳು.

"ಅಧ್ಯಕ್ಷರ ಹೊಟ್ಟೀನೂ ಹೋಗೇತಿ ನೋಡು," ಎಂದಳು ಸುನಂದಾ. ಅಪೂರ್ವಾ ನಗಲಿಲ್ಲ.

"ಪಪ್ಪಾ, ಹೆಸರು ತಪ್ಪಾದ್ರ ಮರುದಿನ ಕರೆಕ್ಷನ್ ಹಾಕ್ತೀರಿ ನಾ? ಇದಕ್ಕ ಯಾಕ್ ಹಾಕಲಿಲ್ಲ?"



ಅವಳು ಗಂಜಿ ಬಿಡಲಿಲ್ಲ. ನಿಜ ಗೊತ್ತಾಯಿತೆಂದು ರೋಗವೂ ಬಿಡಲಿಲ್ಲ. ಆ ಸಂಜೆಯೂ ಅರ್ಧ ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಒಂದು ಫೋಟೋದಿಂದ ಈ ಕಾಯಿಲೆ ಬರುವುದಿಲ್ಲ, ಮೊಬೈಲ್ ಅವಳಿಗೆ ದಿನವೂ ಇಂಥ ನೂರಾರು ತೋರಿಸಿದೆ ಎಂದರು ಡಾಕ್ಟರ್. ಆ ನೂರಾರು ದೇಹಗಳನ್ನು ಯಾರು ಎಲ್ಲಿ ಕೂತು ತಿದ್ದಿದರೋ ನನಗೆ ಗೊತ್ತಿಲ್ಲ. ಇದೊಂದನ್ನು ಒತ್ತಿದ ಕೈ ನನ್ನದು.

ಐದು ತಿಂಗಳಾಯಿತು. ನಾನು ರಾತ್ರಿ ಪಾಳಿ ಬಿಟ್ಟು ಹಗಲು ಪಾಳಿಗೆ ಬದಲಾಗಿದ್ದೇನೆ. ಪ್ರತಿ ಊಟಕ್ಕೂ ನಮ್ಮಲ್ಲೊಬ್ಬರು ಅವಳ ಜೊತೆ ಕೂರುತ್ತೇವೆ. ನಡುವೆ ಎರಡು ಸಲ ತೂಕ ಮತ್ತೆ ಇಳಿದಿತ್ತು. ಈಗ ನಲವತ್ತಮೂರು. ಗುಣವಾಯಿತು ಎಂದು ಡಾಕ್ಟರ್ ಇನ್ನೂ ಹೇಳಿಲ್ಲ. ಆಫೀಸಿನಲ್ಲಿ ಜಾಗ ಸಾಲದಿದ್ದರೆ ಫೋಟೋ ಕತ್ತರಿಸುತ್ತೇನೆ. ಹೋದ ತಿಂಗಳು ಒಬ್ಬ ಕಾರ್ಯದರ್ಶಿ ಪುಟದಿಂದ ಹೊರಗುಳಿದರು. ಫೋನ್ ಮಾಡಿ ಬೈದರು. ಕೇಳಿಸಿಕೊಂಡೆ.

ಕಳೆದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಕ್ಟೋಬರ್ ಬಿಸಿಲು. ಅಪೂರ್ವಾಳ ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ, ಅರ್ಧ ಮುಗಿದಿತ್ತು. ಅವಳು ಕತ್ತು ಒರೆಸಿಕೊಂಡಳು.

"ಪಪ್ಪಾ, ಫ್ಯಾನ್ ಜೋರ್ ಮಾಡ್ರಿ. ಗರ್ಮಿ ಆಗಾಕತ್ತೇತಿ."

ಎದ್ದು ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದೆ.