ಕೆಂಪರಾಜನ ಹೊಸ ಪಿಕಪ್

ಮರ್ಫಿ ಟೌನಿನ ಕೆಂಪರಾಜ ಹಗಲಲ್ಲಿ ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ, ಸಂಜೆ ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. ನಾನು ಅವನ ಹಿಂದೆ ಕೂತು ರಿದಂ ಪ್ಯಾಡ್ ಬಾರಿಸುವವನು. ಮನುಷ್ಯ ಒಳ್ಳೆಯವನೇ. ಆದರೆ ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುತ್ತಾನೆ. ನಮ್ಮ ಕಸುಬಿನಲ್ಲಿ ಉಬ್ಬದವರು ಯಾರಿದ್ದಾರೆ ಹೇಳಿ?

ಹಾಡುತ್ತಿದ್ದವಳು ಅವನ ಹೆಂಡತಿ ಭಾಗ್ಯಲಕ್ಷ್ಮಿ. ಸಣ್ಣ ದನಿ, ಆದರೆ ಬಹಳ ಇಂಪು. ಛತ್ರಗಳಲ್ಲಿ ಊಟ ಮುಗಿದ ಮೇಲೂ ಹೆಂಗಸರು ಅವಳ ಹಳೇ ಹಾಡುಗಳಿಗಾಗಿ ಕೂತಿರುತ್ತಿದ್ದರು. ದಿನವಿಡೀ ಹೊಲಿಗೆ ಮಷಿನ್ ಮುಂದೆ ಬೆನ್ನು ಬಗ್ಗಿಸುವ ಅವಳು ಒಮ್ಮೆ ನನಗೆ ಹೇಳಿದ್ದಳು, "ಮೈಕ್ ಹಿಡಿದಾಗ್ಲೇ ಅಣ್ಣ, ನಾನೂ ಒಬ್ಳು ಇದ್ದೀನಿ ಅನ್ಸೋದು."

ಕೆಂಪರಾಜನದು ಸೆಕೆಂಡ್‌ಹ್ಯಾಂಡ್ ಗಿಟಾರ್. ಸ್ವರ ಮಂಕು, ಜೊತೆಗೆ ಗುಂಯ್ ಎನ್ನುವ ಸದ್ದು ಬೇರೆ. "ಗಿಟಾರ್ ಇದ್ಯೋ ಇಲ್ವೋ ಗೊತ್ತೇ ಆಗಲ್ಲ ಗುರು" ಎಂದು ಯಾರೋ ಅಂದದ್ದು ಅವನಿಗೆ ಚುಚ್ಚಿತು. ನನ್ನನ್ನೂ ಎಳೆದುಕೊಂಡು ಶಿವಾಜಿನಗರದ ರಿಪೇರಿ ಅಂಗಡಿಯ ಅಬ್ರಾರ್ ಹತ್ತಿರ ಹೋದ. ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಸ್ಪೀಕರಿಗೆ ಕಳಿಸುವ ಪಿಕಪ್ಪನ್ನೇ ಬದಲಿಸಬೇಕು ಎಂದ ಅಬ್ರಾರ್, ಒಂದೊಂದನ್ನೇ ಹಾಕಿ ಕೇಳಿಸಿದ.

"ಇದು ಮೆತ್ತಗೆ, ಹಾಡೋರಿಗೆ ಜಾಗ ಬಿಡುತ್ತೆ. ಇದು ಜೋರು ಭಾಯ್, ಮುಂದೆ ಬಂದು ನಿಲ್ಲುತ್ತೆ. ಯಾವ್ದು ಹಾಕ್ಲಿ?"

"ಜೋರೇ ಇರ್ಲಿ. ಹಾಡೋರಿಗೆ ಮೈಕ್ ಇದ್ಯಲ್ಲ" ಎಂದ ಕೆಂಪರಾಜ.

ವೇದಿಕೆಯ ಮೇಲೆ ನಾವು ಮಾತಾಡುವಂತಿಲ್ಲ, ಎಲ್ಲವೂ ಕೈಸನ್ನೆ. ಹಾಡುವವರು ಅಂಗೈಯನ್ನು ಕೆಳಗೆ ಒತ್ತಿ ತೋರಿಸಿದರೆ ನುಡಿಸುವವನು ಸದ್ದು ತಗ್ಗಿಸಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ.

ಕೃಷ್ಣರಾಜಪುರದ ಒಂದು ರಿಸೆಪ್ಷನ್ನಿನಲ್ಲಿ ಹೊಸ ಪಿಕಪ್ ಮೊದಲ ಬಾರಿ ಮೊಳಗಿತು. ಹುಡುಗರು ಶಿಳ್ಳೆ ಹೊಡೆದರು. ಭಾಗ್ಯ ಚರಣ ಎತ್ತಿಕೊಂಡರೂ ಗಿಟಾರ್ ತಗ್ಗಲಿಲ್ಲ. ಅವಳು ತಿರುಗಿ ಅಂಗೈ ಒತ್ತಿ ತೋರಿಸಿದಳು. ಕೆಂಪರಾಜ ನೋಡಿದ. ವಾಲ್ಯೂಮಿನ ತಿರುಗಣೆ ಅವನ ಕಿರುಬೆರಳ ಪಕ್ಕದಲ್ಲೇ ಇತ್ತು. ಅವನು ಶಿಳ್ಳೆ ಬಂದ ಕಡೆಗೆ ಮುಖ ತಿರುಗಿಸಿದ. ಅವಳು ಇಲ್ಲದ ಶಕ್ತಿ ಹಾಕಿ ದನಿ ಏರಿಸಿದಳು, ಮೇಲಿನ ಸ್ವರದಲ್ಲಿ ಗಂಟಲು ಒಡೆದುಹೋಯಿತು. ಶಿಳ್ಳೆ ಹೊಡೆದ ಹುಡುಗರೇ ಗೊಳ್ಳೆಂದು ನಕ್ಕರು. ನನಗೆ ಕೈಲಿದ್ದ ಕೋಲನ್ನು ಅವರ ಮೇಲೆ ಎಸೆಯುವಷ್ಟು ಸಿಟ್ಟು ಬಂತು.

ಆಮೇಲೆ ಭಾಗ್ಯ ಹಾಡಲು ಬರಲಿಲ್ಲ. ಕೇಳಿದವರಿಗೆಲ್ಲ ಕೆಂಪರಾಜ, "ಪಿಕಪ್ ಜಾಸ್ತಿ ಜೋರಾಗೋಯ್ತು, ನಂಗೆ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದ. ಅವನಿಗೆ ಊಟ ಸೇರುತ್ತಿರಲಿಲ್ಲ, ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ. ಒಂದು ದಿನ ಹಲಸೂರಿನ ಟೀ ಅಂಗಡಿಯಲ್ಲಿ ನನ್ನನ್ನು ಕೇಳಿದ, "ಅವತ್ತು ನೀನು ಹಿಂದೆ ಇದ್ಯಲ್ಲ ಮಗಾ. ನೋಡಿದ್ಯಾ?"

"ನೋಡ್ದೆ" ಎಂದೆ. ಬೈಯಬೇಕೆಂದಿದ್ದೆ, ಅವನ ಮುಖ ನೋಡಿ ಇನ್ನೊಂದು ಟೀ ಹೇಳಿದೆ.

ಕೊನೆಗೆ ಅವನು ಭಾಗ್ಯಳನ್ನು ಕಾಡಿಬೇಡಿ ಅಬ್ರಾರನ ಅಂಗಡಿಗೆ ಕರೆತಂದ. ನನ್ನನ್ನೂ ಬರಹೇಳಿದ್ದ, ಒಬ್ಬನೇ ಅವಳೆದುರು ನಿಲ್ಲಲು ಧೈರ್ಯವಿರಲಿಲ್ಲವೇನೋ. "ಈ ಸಲ ನೀನೇ ಆರಿಸು ಭಾಗ್ಯ. ನಿನ್ ದನಿಗೆ ಯಾವ್ದು ಹೊಂದುತ್ತೋ ಅದನ್ನೇ ಹಾಕ್ಸೋಣ" ಎಂದ.

ಅವಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಕೊನೆಗೆ ಗಿಟಾರಿನಲ್ಲಿ ಈಗಾಗಲೇ ಇದ್ದ ಆ ಜೋರು ಪಿಕಪ್ಪನ್ನೇ ತೋರಿಸಿ, "ಇದೇ ಚೆನ್ನಾಗಿದೆ. ಇದನ್ಯಾಕೆ ತೆಗೀತೀರಾ?" ಎಂದಳು.

"ಇದರಿಂದ್ಲೇ ಅಲ್ವಾ ಅವತ್ತು..."

"ನಾನು ಕೈ ತೋರಿಸ್ದಾಗ ನೀವು ನನ್ನ ನೋಡಿದ್ರಿ ರೀ. ನೋಡಿ ಆ ಕಡೆ ತಿರುಗಿದ್ರಿ. ಅದಕ್ಕೆ ಯಾವ ಪಿಕಪ್ ಹಾಕಿಸ್ತೀರಾ?"

ಅಬ್ರಾರ್ ಎದ್ದು ಹೊರಗೆ ಹೋದ. ಕೆಂಪರಾಜ ತಪ್ಪಾಯಿತು ಎಂದ, ಅತ್ತ. ಅವಳು ಅವನ ಬೆನ್ನು ಸವರಿದಳು, ಆದರೆ ಹಾಡುತ್ತೇನೆ ಎನ್ನಲಿಲ್ಲ.

ಗಿಟಾರಿನಲ್ಲಿ ಈಗಲೂ ಅದೇ ಪಿಕಪ್ ಇದೆ. ಹಾಡಲು ಮಾರಿಯಾ ಎಂಬ ಹೊಸ ಹುಡುಗಿ ಬರುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಕೆಂಪರಾಜ ಸದ್ದು ತಗ್ಗಿಸುತ್ತಾನೆ. ಆ ಹೊತ್ತಿಗೆ ಭಾಗ್ಯ ಮನೆಯಲ್ಲಿ ಯಾರದೋ ರವಿಕೆ ಹೊಲಿಯುತ್ತಿರುತ್ತಾಳೆ.