ಎಷ್ಟು ಹೋಯಿತೆಂದು ಕೇಳಬೇಡಿ

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಕಂಪ್ಯೂಟರಿನೊಳಗಿನ ಈ ಹೊಸ ದುಡ್ಡು ಕಳೆದುಹೋಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವನು ನಮ್ಮ ಸೋದರತ್ತೆಯ ಮಗ ಕುಮಾರ. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು, ಒಂದೇ ಗತ್ತಿನಲ್ಲಿ ಹೇಳಿದ್ದರು. ನಾನು ಬಿ.ಕಾಂ. ಮುಗಿಸಿದೆ. ಆ ದುಡ್ಡನ್ನೂ ಕಳೆದುಕೊಂಡೆ. ಇಬ್ಬರ ಮಾತನ್ನೂ ಸುಳ್ಳು ಮಾಡಿದ ಕೀರ್ತಿ ನನ್ನೊಬ್ಬಳದೇ. ಆದರೆ ಕೈಲಾಂಚದ ಮಗ್ಗುಲಿನ ನಮ್ಮೂರಿನಲ್ಲಿ ಮೊದಲನೆಯದನ್ನು ಜನ ಎಂದೋ ಮರೆತಿದ್ದಾರೆ. ಎರಡನೆಯದನ್ನು ಮಾತ್ರ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಎಷ್ಟೋಯ್ತವ್ವ?" ರಾಮನಗರದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕೇಳಿದ್ದಾಳೆ, ಹೂವು ಕಟ್ಟುವವಳು ಕೇಳಿದ್ದಾಳೆ, ಹಲ್ಲು ಕೀಳಿಸಲು ಹೋದಾಗ ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಡಾಕ್ಟರು ಕೇಳಿದ್ದಾರೆ. ಸಣ್ಣ ಮೊತ್ತ ಹೇಳಿದರೆ ಅವರ ಮುಖ ಬಾಡುತ್ತದೆ, ಬಸ್ಸು ಹತ್ತಿದ್ದೇ ದಂಡವಾಯಿತು ಎನ್ನುವಂತೆ. ದೊಡ್ಡದು ಹೇಳಿದರೆ ಕಣ್ಣು ಅರಳುತ್ತದೆ, ಅದರ ಹಿಂದೆಯೇ "ದುರಾಸೆ ಪಡಬಾರದವ್ವ" ಎಂಬ ಉಪದೇಶ ಬರುತ್ತದೆ. ಆದ್ದರಿಂದ ನಾನು ಯಾರಿಗೂ ಹೇಳುವುದಿಲ್ಲ. ನೀವೂ ಕೇಳಬೇಡಿ.

ಈ ದುರಾಸೆ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಹೋಬಳಿಯ ಕಂಟ್ರಾಕ್ಟರೊಬ್ಬರ ಮಗ ಷೇರಿನಲ್ಲಿ ಕೈ ಸುಟ್ಟುಕೊಂಡು ಬಂದಾಗ ಇದೇ ಜನ "ಹುಡುಗನಿಗೆ ಅನುಭವ ಆಯ್ತು ಬುಡಿ" ಎಂದಿದ್ದರು. ಅವನಿಗೆ ಅನುಭವ, ನನಗೆ ದುರಾಸೆ! ಮೇಲಾಗಿ ಅವನು ಕಳೆದದ್ದು ಅಪ್ಪನ ಗಂಟು. ನಾನು ಒಂದು ಪೈಸೆ ಹಾಕಿ ಕೊಂಡವಳಲ್ಲ, ದುಡಿದು ಸಂಪಾದಿಸಿದವಳು. ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಯಾವುದೋ ದೂರದೇಶದ ವೆಬ್‌ಸೈಟಿನವರಿಗೆ ಅವರ ಮೊಬೈಲ್ ಆಟವೊಂದರ ಮಾತುಗಳನ್ನು ಕನ್ನಡ ಮಾಡುವವರು ಬೇಕಾಗಿದ್ದರು. ಕುಮಾರ ಚನ್ನಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಈ ಕೆಲಸ ಹುಡುಕಿಕೊಟ್ಟವನೂ ಅವನೇ. ಕೂಲಿಯನ್ನು ಅವರು ರೂಪಾಯಿಯಲ್ಲಿ ಕೊಡಲಿಲ್ಲ, ಬಿಟ್‌ಕಾಯಿನ್ನಿನ ದಾಯಾದಿಯಂಥ ಯಾವುದೋ ನಾಣ್ಯದಲ್ಲಿ ಕೊಟ್ಟರು. ಆಗ ಅದಕ್ಕೆ ಒಂದು ಮಸಾಲೆದೋಸೆಯ ಬೆಲೆಯೂ ಇರಲಿಲ್ಲ. ಆದರೂ ನನ್ನ ಓದು ದುಡಿದು ತಂದ ಮೊದಲ ಗಳಿಕೆ ಅದು. ಅಮ್ಮ ಮೊದಲ ಬೆಳೆಯ ರಾಗಿಯನ್ನು ಮೊರದಲ್ಲಿಟ್ಟು ಅರಿಸಿನ ಕುಂಕುಮ ಹಚ್ಚುತ್ತಾಳೆ. ಇದಕ್ಕೆ ಎಲ್ಲಿ ಹಚ್ಚುವುದು? ಅದು ನನ್ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನೊಳಗೆ ಒಂದು ಫೈಲಾಗಿ ಸುಮ್ಮನೆ ಕೂತಿತ್ತು. ಆ ಫೈಲಿನ ಹೆಸರು ವ್ಯಾಲೆಟ್. ಅದಿದ್ದವರ ಕೈಯಲ್ಲಿ ನಾಣ್ಯ, ಅದಿಲ್ಲದವರಿಗೆ ಚೊಂಬು.

ಆಮೇಲೆ ಕೆಲಸ, ಮದುವೆ, ಮಕ್ಕಳು. ರಾಮನಗರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಗುಮಾಸ್ತೆ. ಈಚೆಗೆ ಒಂದು ದಿನ ಪೇಪರಿನಲ್ಲಿ ನನ್ನ ಹಳೆಯ ನಾಣ್ಯದ ಹೆಸರು ಕಂಡಿತು. ಬೆಲೆ ನೋಡಿ ಕಾಫಿ ಲೋಟ ಕೆಳಗಿಟ್ಟೆ. ಆ ಭಾನುವಾರವೇ ಊರಿಗೆ ಹೋಗಿ ಎಲ್ಲರ ಮುಂದೆ ಘೋಷಿಸಿದೆ: ಅಣ್ಣನ ಮಗಳು ಲಿಖಿತಳ ಮುಂದಿನ ಓದಿನ ಖರ್ಚೆಲ್ಲ ನನ್ನದು. ಲಿಖಿತ ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದಳು, ಚುರುಕಾದ ಹುಡುಗಿ. ನನ್ನ ಅಣ್ಣ ನಿಂಗರಾಜ ರೇಷ್ಮೆ ಹುಳ ಸಾಕುವವನು, ಮಾತು ಕಡಿಮೆ. ಅವಳನ್ನು ಮನೆಯಲ್ಲೇ ಹುಳ ನೋಡಿಕೊಳ್ಳಲು ಹಾಕಬೇಕೆಂದಿದ್ದ. ನನ್ನ ಮಾತು ಕೇಳಿ, "ನೀನು ನೋಡ್ಕತೀಯ ಅಂದ್ರೆ ಆಯ್ತು ಬುಡು" ಎಂದ. ಲಿಖಿತ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು.

ಮನೆಗೆ ಬಂದು ಫೈಲು ತೆರೆದೆ. ಫೈಲು ಕೆಟ್ಟಿದೆ ಎಂದಿತು ಯಂತ್ರ.

ಹೇಗೆ ಕೆಟ್ಟಿತು ಎಂಬುದು ನಮ್ಮಂಥವರಿಂದ ಮಾತ್ರ ಸಾಧ್ಯವಾಗುವ ಕಥೆ. ತಲೆತಲಾಂತರದಿಂದ ಓದಿದವರ ಮನೆಯಲ್ಲಿ ಕಾಗದಗಳು ತಾವಾಗಿಯೇ ಇರುತ್ತವೆ. ನಮ್ಮ ಮನೆಗೆ ಒಂದೊಂದು ಕಾಗದವೂ ಜಗಳವಾಡಿ ಬಂದದ್ದು. ಜಾತಿ ಪ್ರಮಾಣಪತ್ರ, ಆದಾಯದ್ದು, ಪಹಣಿ, ಎಲ್ಲದಕ್ಕೂ ಮೂರು ಸೆಟ್ ಜೆರಾಕ್ಸ್, ಮೇಲೊಂದು ಸೀಲು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದು ನಾನು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕಲಿತ ತತ್ವಶಾಸ್ತ್ರ. ಹಳೆಯ ಕಂಪ್ಯೂಟರನ್ನು ಚನ್ನಪಟ್ಟಣದ ಅಂಗಡಿಯೊಂದಕ್ಕೆ ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ವ್ಯಾಲೆಟ್ ಫೈಲನ್ನು ಅದರಿಂದ ಪೆನ್‌ಡ್ರೈವಿಗೆ ಎತ್ತಿಕೊಂಡೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಪೆನ್‌ಡ್ರೈವ್ ಕಾಗದವಲ್ಲವಲ್ಲ! ಸೀದಾ ಜೆರಾಕ್ಸ್ ಅಂಗಡಿಗೆ ಹೋಗಿ, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಪ್ರಿಂಟು ಕೊಡಿ ಎಂದೆ. ಪರದೆಯ ತುಂಬ ಚೌಕ, ಪ್ರಶ್ನಾರ್ಥಕ, ಬಾಲ ಮುರಿದ ಅಕ್ಷರಗಳು.

"ಇದ್ಯಾವ ಭಾಷೆ ಮೇಡಂ, ತಮಿಳಾ?" ಎಂದ ಅಂಗಡಿಯವನು.

"ಕಂಪ್ಯೂಟರಿನ ಭಾಷೆ."

"ಅದ್ಕೇ ನಂಗೆ ಬರಲ್ಲ. ಎರಡೂ ಕಡೆ ಹೊಡೀಲಾ, ಒಂದೇ ಕಡೆಗಾ?"

ಅಷ್ಟರಲ್ಲಿ ಟ್ಯೂಬ್‌ಲೈಟು ಮಿಣಕ್ ಎಂದಿತು. ನಾನು ಟೈಪಿಂಗ್ ಕಲಿತದ್ದು ಯಾವಾಗ ಕರೆಂಟು ಹೋಗುತ್ತದೋ ಗೊತ್ತಿಲ್ಲದ ಕಾಲದಲ್ಲಿ. ದೀಪ ಕಣ್ಣು ಮಿಟುಕಿಸಿದರೆ ಸಾಕು, ಮೊದಲು ಸೇವ್ ಒತ್ತಿ, ಆಮೇಲೆ ಉಸಿರಾಡಿ ಎಂದು ನಮ್ಮ ಮೇಷ್ಟ್ರು ಬೆನ್ನ ಹಿಂದೆ ನಿಂತು ಕಲಿಸಿದ್ದರು. ಒತ್ತಿದೆ. ಬೆರಳೇ ಒತ್ತಿತು. ನೋಟ್‌ಪ್ಯಾಡ್ ಮಹಾಶಯ ತನಗೆ ಅರ್ಥವಾಗದ ಕಡೆಯೆಲ್ಲ ಖಾಲಿ ಜಾಗ ಇಟ್ಟು, ಫೈಲನ್ನು ಓರಣ ಮಾಡಿ, ಹಳೆಯದರ ಮೇಲೆಯೇ ಬರೆದಿಟ್ಟ. ಬಳಿಕ ನಾನು ಆ ಫೈಲನ್ನೇ ಮೂರು ಪೆನ್‌ಡ್ರೈವಿಗೆ ಪ್ರತಿ ಮಾಡಿ, ಒಂದನ್ನು ಅಮ್ಮನ ಟ್ರಂಕಿನಲ್ಲಿ, ಒಂದನ್ನು ಬೀರುವಿನಲ್ಲಿ, ಒಂದನ್ನು ಬಳೆ ಡಬ್ಬಿಯಲ್ಲಿ ಭದ್ರ ಮಾಡಿದೆ. ಮೂರೂ ಕಡೆ ಹೆಣವನ್ನೇ ಕಾವಲು ಕಾದೆ.

ಪ್ರಿಂಟಿನ ಕಟ್ಟು ಈಗಲೂ ಇದೆ. ಅದರ ಮೊದಲ ಹಾಳೆಯ ಮೇಲೆ ಒಬ್ಬ ಗೆಜೆಟೆಡ್ ಅಧಿಕಾರಿಯ ಸಹಿಯೂ, 'ಮೂಲದಂತಿದೆ' ಎಂಬ ಸೀಲೂ ಇವೆ. ಯಾವುದೋ ಕೆಲಸದ ಅರ್ಜಿಗೆ ಅಂಕಪಟ್ಟಿಗಳನ್ನು ಕೊಂಡೊಯ್ದಾಗ ಇದೂ ಅಡಿಯಲ್ಲಿ ಸೇರಿಹೋಗಿತ್ತು. ಸಾಹೇಬರು ನನ್ನ ಅಂಕಗಳನ್ನೂ ಚೌಕಗಳನ್ನೂ ಸಮಭಾವದಿಂದ ನೋಡಿ, ಅಂದರೆ ನೋಡದೆ, ಎಲ್ಲಕ್ಕೂ ಸೀಲೊತ್ತಿದರು. ಚೌಕಗಳು ಸರ್ಕಾರದ ಪ್ರಕಾರ ಮೂಲದಂತಿವೆ. ಕಂಪ್ಯೂಟರು ಮಾತ್ರ ಒಪ್ಪುತ್ತಿಲ್ಲ.

ಪಾಸ್‌ವರ್ಡ್ ಮರೆತು ಇಂಥ ದುಡ್ಡು ಕಳೆದುಕೊಂಡವರ ಸುದ್ದಿ ನೀವು ಓದಿರುತ್ತೀರಿ. ನಾನು ಮರೆತಿಲ್ಲ, ಸ್ವಾಮಿ! ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬೀಗದಕೈ ಕೈಯಲ್ಲಿದೆ, ಬಾಗಿಲೇ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಈ ನಾಣ್ಯಗಳ ಲೆಕ್ಕ ಲೋಕಕ್ಕೆಲ್ಲ ತೆರೆದೇ ಇರುತ್ತದಂತೆ. ವೆಬ್‌ಸೈಟಿನವರು ಕೂಲಿ ಕಳಿಸಿದ ವಿಳಾಸ ನನ್ನ ಹಳೆಯ ಇಮೇಲಿನಲ್ಲಿದೆ. ಅದನ್ನು ಒತ್ತಿದರೆ ನನ್ನ ನಾಣ್ಯಗಳು ಅಷ್ಟೂ ಗಾಜಿನ ಕಪಾಟಿನ ಮೈಸೂರುಪಾಕಿನ ಹಾಗೆ ಕಾಣುತ್ತವೆ. ನಾನೂ ನೋಡಬಹುದು, ನೀವೂ ನೋಡಬಹುದು. ಮುಟ್ಟುವ ಹಾಗಿಲ್ಲ. ಕುಮಾರನನ್ನು ತರಾಟೆಗೆ ತೆಗೆದುಕೊಂಡರೆ ಅವನು ನಗುನಗುತ್ತ ಹೇಳಿದ್ದೇನು ಗೊತ್ತೆ?

"ನಾನ್ ಹೇಳಿರ್ಲಿಲ್ವ, ಅದು ಕಳೆಯಲ್ಲ ಅಂತ? ನೋಡು, ಅಲ್ಲೇ ಐತೆ!"

"ಅಲ್ಲಿದ್ರೆ ತಕ್ಕೊಡ್ಲಾ!"

"ನೀನು ಒಸಿ ಬ್ಯಾಕಪ್ ಇಟ್ಕಬೇಕಿತ್ತು ಕಣಕ್ಕ."

"ಮೂರಿಟ್ಟಿದ್ದೆ ಕಣೋ."

"ಸೇವ್ ಒತ್ತೋಕ್ ಮುಂಚೆ ಒಂದ್ ಇಡ್ಬೇಕಿತ್ತು."

ಸರಿ, ಹುಡುಕಾಟ ಶುರುವಾಯಿತು. ಚನ್ನಪಟ್ಟಣದ ಎಕ್ಸ್‌ಚೇಂಜ್ ಅಂಗಡಿಗೆ ಹೋಗಿ ನನ್ನ ಹಳೆಯ ಕಂಪ್ಯೂಟರ್ ಇದೆಯೇ ಎಂದು ಕೇಳಿದೆ. "ಆ ಕಾಲದ್ ಡಬ್ಬ ಇನ್ನೂ ಇರ್ತದಾ ಅಕ್ಕ? ಅದರ ತಗಡು ಯಾರ ಮನೆ ಬಾಣಲೆ ಆಗೈತೋ" ಎಂದರು. ಇಂಟರ್‌ನೆಟ್ಟಿನಲ್ಲಿ ಒಬ್ಬ ಮಹಾನುಭಾವ ಸಿಕ್ಕಿದ. ಕೋಟು ಹಾಕಿಕೊಂಡ ಫೋಟೋ. ಯಾವ ವ್ಯಾಲೆಟನ್ನಾದರೂ ಬದುಕಿಸುತ್ತೇನೆ, ಮೊದಲು ಮುಂಗಡ ಕಳಿಸು, ಜೊತೆಗೆ ಪಾಸ್‌ವರ್ಡನ್ನೂ ಕಳಿಸು ಎಂದ. ಸತ್ತವರ ಮನೆಯಲ್ಲಿ ಪಾತ್ರೆ ಕದಿಯಲು ಬರುವ ಜಾತಿ! ಸಾಲ ಕೇಳಲು ಬರುವವರ ಮುಖ ನೋಡಿ ನೋಡಿ ಪಳಗಿದ ಗುಮಾಸ್ತೆ ನಾನು. ಅವನಿಗೆ ಅಚ್ಚ ರಾಮನಗರದ ಕನ್ನಡದಲ್ಲಿ ಎರಡು ಸಾಲು ಬರೆದೆ. ಅನುವಾದ ಮಾಡಿಸಿಕೊಂಡಿರಬೇಕು, ಮತ್ತೆ ಉತ್ತರ ಬರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಜಗಳವಾಡಲು ಒಂದು ಕಿಟಕಿಯೂ ಇಲ್ಲವಲ್ಲ ಎಂದು. ನಮ್ಮಪ್ಪ ಕಚೇರಿಯ ಕಿಟಕಿಯ ಮುಂದೆ ಹೆಗಲ ಟವೆಲ್ಲನ್ನು ಕಂಕುಳಿಗೆ ಇಳಿಸಿ ನಿಲ್ಲುತ್ತಿದ್ದ. ಒಳಗಿನವರು ನಾಳೆ ಬಾ ಎಂದರೆ ನಾಳೆಯೇ ಬರುತ್ತಿದ್ದ. ಡಿಗ್ರಿಯಿಂದ ನಾನು ಕಲಿತ ಅತಿ ದೊಡ್ಡ ವಿದ್ಯೆಯೆಂದರೆ ಅದೇ ಕಿಟಕಿಯ ಸರಳು ತಟ್ಟಿ, "ಆಗುವುದಿಲ್ಲ ಅನ್ನುವುದನ್ನು ಬರೆದು ಕೊಡಿ" ಎಂದು ಕೇಳುವುದು. ಆ ಒಂದು ವಾಕ್ಯಕ್ಕೆ ಎಷ್ಟೋ ಫೈಲುಗಳು ಎದ್ದು ನಡೆದಿವೆ. ಇಲ್ಲಿ ಯಾವ ಸರಳು ತಟ್ಟಲಿ? ಈ ನಾಣ್ಯಕ್ಕೆ ಮ್ಯಾನೇಜರಿಲ್ಲ, ಮೇಲಧಿಕಾರಿಯಿಲ್ಲ, ಊಟಕ್ಕೆ ಹೋದ ಗುಮಾಸ್ತನೂ ಇಲ್ಲ. ಯಾರ ಹಂಗೂ ಇಲ್ಲದ ಸ್ವತಂತ್ರ ದುಡ್ಡು ಎಂದು ಇದನ್ನು ಹೊಗಳುವವರನ್ನು ಒಂದು ಮಾತು ಕೇಳಬೇಕೆನಿಸುತ್ತದೆ. ತಪ್ಪು ಮಾಡಿದವಳಿಗೆ ಇನ್ನೊಂದು ಅವಕಾಶ ಕೊಡದ ಸ್ವಾತಂತ್ರ್ಯ ಯಾರಿಗೆ ಬೇಕು? ಅದು ಎಂದೂ ತಪ್ಪು ಮಾಡದವರ ಸೌಕರ್ಯಕ್ಕೆ ಮಾಡಿದ್ದು. ಅಂಥವರು ನಮ್ಮ ಹೋಬಳಿಯಲ್ಲಂತೂ ಇಲ್ಲ.

ಕೊನೆಗೆ ಬೆಂಗಳೂರಿನ ಒಂದು ದುರಸ್ತಿ ಕೇಂದ್ರಕ್ಕೆ ಪೆನ್‌ಡ್ರೈವ್ ಒಯ್ದೆ. ಅಲ್ಲಿನ ಯುವಕ ಮರ್ಯಾದಸ್ಥ. ಬಹಳ ಹೊತ್ತು ನೋಡಿ ಹೇಳಿದ: "ಇಲ್ಲಿ ಖಾಲಿ ಇರುವ ಜಾಗದಲ್ಲಿ ಮೊದಲೂ ಖಾಲಿಯೇ ಇತ್ತೋ, ಬೇರೆ ಏನಾದರೂ ಇತ್ತೋ ಗೊತ್ತಾಗಲ್ಲ ಮೇಡಂ. ಯಾರ ಕೈಲೂ ಆಗಲ್ಲ. ಇನ್ನು ಇದಕ್ಕೆ ದುಡ್ಡು ಸುರೀಬೇಡಿ."

ಆ ಸಂಜೆ ಊರಿಗೆ ಹೋಗಿ ವಿಷಯ ತಿಳಿಸಿದೆ. ಜಗಲಿ ತುಂಬಿತ್ತು. ಲಿಖಿತ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ದೊಡ್ಡಪ್ಪ ಬಾಯಿ ತೆಗೆದರು.

"ಓದ್ದೇ ಇದ್ದಿದ್ರೆ ಕಳ್ಕಳ್ತಾನೇ ಇರ್ಲಿಲ್ವಲ್ಲವ್ವ. ಲೇ ನಿಂಗ, ಕೂಸ್ನ ಓದ್ಸಿ ಇನ್ನೊಂದ್ ಕಂತು ಕಳೀಬೇಕಾ? ಹುಳಕ್ಕೆ ಸೊಪ್ಪಾಕ್ಕಂಡ್ ಇರ್ಲಿ."

ನೋಡಿ, ಸಿಟ್ಟು ಎಂದರೆ ಇದಕ್ಕೆ. ನಾನು ಒತ್ತಿದ್ದು ಒಂದು ಗುಂಡಿ. ಅದರ ಶಿಕ್ಷೆ ನನಗಲ್ಲ, ಓದಿಗೇ! ನಮ್ಮಲ್ಲಿ ಮೊದಲು ಓದಿದವಳು ಎಡವಿದರೆ ಹಿಂದೆ ಬರುವ ಹುಡುಗಿಯರೆಲ್ಲರ ಕಾಲಿಗೂ ಪೆಟ್ಟು. ಬಾಯಿಗೆ ಬಂದದ್ದನ್ನೆಲ್ಲ ಅನ್ನಲು ಎದ್ದು ನಿಂತೆ. ಅಣ್ಣ ಮೆಲ್ಲಗೆ ಕೇಳಿದ.

"ಹೆಂಗೋಯ್ತು?"

ಇಷ್ಟು ದಿನದಲ್ಲಿ ಹೇಗೆ ಎಂದು ಕೇಳಿದ ಮೊದಲ ಮನುಷ್ಯ. ನಾನು ಕೂತೆ.

"ರೇಷ್ಮೆ ಗೂಡು ಅಂದ್ಕೊ ಅಣ್ಣ. ಒಳಗೆ ಇರೋದು ಒಂದೇ ಎಳೆ. ತುದಿ ಸಿಕ್ಕಿದ್ರೆ ಪೂರ್ತಿ ಬಿಚ್ಕೊಳ್ತದೆ. ಗೂಡು ಚೆನ್ನಾಗೈತಾ ನೋಡೋಣ ಅಂತ ನಾನು ಕತ್ತರಿಸಿ ನೋಡ್ಬುಟ್ಟು, ಮತ್ತೆ ಅಂಟಿಸಿಟ್ಟೆ."

"ಹೊರಗ್ಲಿಂದ ನೋಡುದ್ರೆ?"

"ಗೂಡೇ."

"ಎಳೆ?"

"ಎಲ್ಲ ತುಂಡು."

"ತೂತ್ ಬಿದ್ದಿರ ಗೂಡ್ನೂ ಮಾರ್ಕೆಟ್ಟಲ್ಲಿ ತಕ್ಕತಾರೆ" ಎಂದರು ದೊಡ್ಡಪ್ಪ, ಸೋಲದೆ.

"ಇದನ್ನ ತಕ್ಕಳಲ್ಲ ದೊಡ್ಡಪ್ಪ."

ಅಣ್ಣ ಇನ್ನೂ ಕೇಳಿದ. ಒತ್ತಿದ್ದು ಯಾವುದನ್ನು, ಒತ್ತದೇ ಇದ್ದಿದ್ದರೆ ಏನಾಗುತ್ತಿತ್ತು, ಮೊದಲೇ ಇನ್ನೊಂದು ಪ್ರತಿ ಇಟ್ಟಿದ್ದರೆ ಉಳಿಯುತ್ತಿತ್ತೇ. ಎಲ್ಲಕ್ಕೂ ಉತ್ತರ ಹೇಳಿದೆ. ಕೊನೆಗೆ ಹೂಂ ಎಂದು ಎದ್ದು ಹುಳುಮನೆಗೆ ಹೋದ. ಕಾಲೇಜಿನ ಮಾತು ಬರಲಿಲ್ಲ. ಲಿಖಿತ ನನ್ನ ಮುಖ ನೋಡದೆ ಒಳಗೆ ಹೋದಳು. ಬಸ್ಸಿನಲ್ಲಿ ರಾಮನಗರ ಬರುವವರೆಗೂ ನಾನು ಕುದಿಯುತ್ತಲೇ ಇದ್ದೆ.

ಮರುದಿನ ಅಣ್ಣ ಗೂಡು ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಬಂದವನು ಹರಾಜು ಮುಗಿಸಿ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡಲಿಲ್ಲ, ಕಾಫಿ ಬೇಡವೆಂದ. ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಅದರಲ್ಲಿ ಲಿಖಿತಳ ಟಿ.ಸಿ. ಇತ್ತು. ಹೈಸ್ಕೂಲಿನಿಂದ ಬೆಳಿಗ್ಗೆಯೇ ಬಿಡಿಸಿಕೊಂಡು ಬಂದಿದ್ದ. ಮಡಿಸದೆ, ಬೆವರು ತಾಗದ ಹಾಗೆ ತಂದಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟ.

"ಕಾಲೇಜ್‌ಗೆ ಅರ್ಜಿ ಹಾಕ್ಬುಡಮ್ಮಿ. ಫೀಸು ನೀನೊಸಿ ನಾನೊಸಿ ಹಾಕನ. ನಾನೂ ಬೇಕಾದಷ್ಟು ಕಳ್ಕಂಡಿವ್ನಿ. ಎಲ್ಲಿ ಕಳ್ಕಂಡೆ, ಹೆಂಗ್ ಕಳ್ಕಂಡೆ ಅಂತ ಇವತ್ಗೂ ಗೊತ್ತಿಲ್ಲ. ನೀನು ನೆನ್ನೆ ಹೇಳುದ್ಯಲ್ಲ, ಇಲ್ಲಿ ಒತ್ದೆ, ಇಲ್ಲಿ ತುಂಡಾಯ್ತು ಅಂತ. ಮಗೀಗೂ ಅಷ್ಟು ಹೇಳಕ್ ಬರ್ಲಿ."